ಮುಟ್ಟು ನಿಂತ ಮೇಲೆ ಅವಳ ಲೆಕ್ಕ ಬರೆಯುವವರು ಯಾರು?

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೆ ಹೋಗಬೇಕೆಂದರೆ ಕೆಳಗಿಳಿಯಬೇಕು. ನಾರಾಯಣಪುರ ಜಲಾಶಯದ ಹಿನ್ನೀರು ನುಗ್ಗದ ಹಾಗೆ ಸುತ್ತ ಗೋಡೆ ಎಬ್ಬಿಸಿ, ಬಾವಿಯಂಥ ಆ ಜಾಗದೊಳಕ್ಕೆ ಮೆಟ್ಟಿಲು ಇಳಿಸಿದ್ದಾರೆ. ಕಳೆದ ಶ್ರಾವಣದಲ್ಲಿ ನನ್ನ ಚಿಗವ್ವನನ್ನು ಕರೆದುಕೊಂಡು ಹೋಗಿದ್ದೆ. ಮೆಟ್ಟಿಲ ತಲೆಗೆ ಬಂದವಳೇ ಗೋಡೆ ಹಿಡಿದು ನಿಂತುಬಿಟ್ಟಳು. "ನೀ ಇಳದು ಶರಣು ಮಾಡಿ ಬಾರವ್ವ. ನಾ ಮ್ಯಾಲಿಂದನ ಕೈ ಮುಗೀತೀನಿ. ಇಳದ್ರ ಮತ್ತ ಹತ್ತಾಕ ನನ್ನ ಬೆನ್ನು ಒಪ್ಪಂಗಿಲ್ಲ" ಎಂದಳು.

ಅವಳಿಗೆ ಈಗ 56. ಅವಳ ತಾಯಿ, ಅಂದರೆ ನನ್ನ ಅಜ್ಜಿ, ಎಪ್ಪತ್ತು ದಾಟಿದ ಮೇಲೂ ಇದೇ ಮೆಟ್ಟಿಲು ಇಳಿದು ಹತ್ತಿದ್ದನ್ನು ನಾನು ನೋಡಿದ್ದೇನೆ. ಮಗಳ ಎಲುಬು ತಾಯಿಯ ಎಲುಬಿಗಿಂತ ಮೊದಲು ಸವೆದದ್ದು ಹೇಗೆ? ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಬಸವಣ್ಣನವರು ಓದಿ ಬೆಳೆದದ್ದು, ಕೊನೆಗೆ ಐಕ್ಯರಾದದ್ದು ಇದೇ ನೆಲದಲ್ಲಿ. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು ಎಂದು ನಮ್ಮ ಭಾಗದಲ್ಲಿ ಭಾಷಣ ಮಾಡದವರಿಲ್ಲ. ಹುಟ್ಟಿನ ಸೂತಕ, ಸಾವಿನ ಸೂತಕ, ಜಾತಿಯ ಸೂತಕ, ಎಂಜಲಿನ ಸೂತಕ, ಮುಟ್ಟಿನ ಸೂತಕ. ಮುಟ್ಟಾದ ಹೆಂಗಸಿನ ಎದೆಯ ಮೇಲಿನ ಲಿಂಗವನ್ನು ಯಾರೂ ತೆಗೆಸುವಂತಿಲ್ಲ ಎನ್ನುವುದು ಸಣ್ಣ ಮಾತಲ್ಲ. ಆದರೆ ಅದೇ ಮಾತು ಕೇಳಿ ಬೆಳೆದ ನಮ್ಮ ಮನೆಗಳಲ್ಲಿ ಮುಟ್ಟು ನಿಂತವಳಿಗೆ ಹೇಳುವುದೇನು? "ಪಾರಾದಿ ಬಿಡವ್ವ. ಇನ್ನ ಗುಡಿಗೆ ಯಾವಾಗ ಬೇಕಾದ್ರೂ ಹೋಗು, ಹಬ್ಬದಾಗ ಹೋಳಿಗಿ ನೀನ ಮಾಡು." ಇಷ್ಟೇ. ಮೈಲಿಗೆ ಮುಗಿಯಿತು ಎನ್ನುವ ಸಮಾಧಾನ. ಅಂದರೆ ಅಲ್ಲಿಯವರೆಗೆ ಮೈಲಿಗೆ ಇತ್ತು ಎಂದು ಒಪ್ಪಿಕೊಂಡಂತೆಯೇ. ಅವಳ ಮೈಯಲ್ಲಿ ಏನಾಗುತ್ತಿದೆ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ನನ್ನ ತಕರಾರನ್ನು ಮೊದಲೇ ಹೇಳಿಬಿಡುತ್ತೇನೆ. ಋತುಬಂಧದ ಬಗ್ಗೆ ನಾವು ಸುಮ್ಮನಿರುವುದು ನಾಚಿಕೆಯಿಂದ ಮಾತ್ರ ಅಲ್ಲ. ನಾಚಿಕೆಯಾಗಿದ್ದರೆ ಬಸಿರು, ಬಾಣಂತನ, ಮೈನೆರೆಯುವುದು ಎಲ್ಲದರ ಬಗ್ಗೆಯೂ ಸುಮ್ಮನಿರಬೇಕಿತ್ತು. ಅವುಗಳಿಗೆ ಆರತಿ ಇದೆ, ಹಾಡಿದೆ, ಸೀಮಂತವಿದೆ, ಸರ್ಕಾರದ ಕಾರ್ಡೂ ಇದೆ. ಹೆಣ್ಣಿನ ದೇಹವನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡದ್ದು ಗರ್ಭಚೀಲ ಕೆಲಸ ಮಾಡುವವರೆಗೆ ಮಾತ್ರ. ಆಮೇಲೆ ಅವಳ ಪುಟ ಖಾಲಿ. ಆ ಖಾಲಿ ಪುಟದಲ್ಲಿ ಯಾರು ಯಾರೋ ತಮಗೆ ಬೇಕಾದ್ದನ್ನು ಬರೆದುಕೊಳ್ಳುತ್ತಿದ್ದಾರೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ನಾನು ಹುನಗುಂದ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಇಪ್ಪತ್ತು ವರ್ಷ ಎಂಟನೆಯ ತರಗತಿಗೆ ಹದಿಹರೆಯದ ಪಾಠ ಮಾಡಿದ್ದೇನೆ. ಮೈನೆರೆಯುವುದಕ್ಕೆ, ಹಾರ್ಮೋನುಗಳಿಗೆ ಪುಟಗಟ್ಟಲೆ ವಿವರಣೆ. ಋತುಚಕ್ರ 45ರಿಂದ 50 ವರ್ಷದ ಹೊತ್ತಿಗೆ ನಿಲ್ಲುತ್ತದೆ ಎಂಬುದು ಅದರೊಳಗೆ ಒಂದೆರಡು ಸಾಲು. ಇಪ್ಪತ್ತು ವರ್ಷ ಆ ಸಾಲನ್ನು ಓದಿ ಮುಂದಕ್ಕೆ ಹೋದೆ. ಒಬ್ಬ ಹುಡುಗಿಯೂ ಪ್ರಶ್ನೆ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಹೋದ ವರ್ಷ ನನಗೆ 47. ಪಾಠ ಮಾಡುತ್ತ ನಿಂತಿದ್ದಾಗ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಬೆಂಕಿಯ ಝಳ ಏರಿದಂತಾಯಿತು. ರವಿಕೆ ತೊಯ್ದು ಹೋಯಿತು. ಎರಡು ಮೂರು ನಿಮಿಷದಲ್ಲಿ ಇಳಿದು, ಚಳಿ ಹತ್ತಿತು. ಡಿಸೆಂಬರ್ ತಿಂಗಳು. ರಾತ್ರಿ ಎರಡು ಗಂಟೆಗೆ ಬೆವರಿ ಎದ್ದು ಕೂರುವುದು ಶುರುವಾಯಿತು. ಎರಡು ತಿಂಗಳು ಮುಟ್ಟಿಲ್ಲ, ಮೂರನೆಯ ತಿಂಗಳು ಹನ್ನೆರಡು ದಿನ ನಿಲ್ಲದ ಸ್ರಾವ. ಬೋರ್ಡಿನ ಮೇಲೆ ಬರೆಯುತ್ತಿದ್ದ ಪದ ಅರ್ಧಕ್ಕೇ ಮರೆತುಹೋಗುವುದು. ಮನೆಯವರು "ಬಿಪಿ ಇರಬೇಕು" ಎಂದರು. ಸಹೋದ್ಯೋಗಿಗಳು "ಟೆನ್ಶನ್ ಮಾಡ್ಕೋಬ್ಯಾಡ್ರಿ ಮೇಡಮ್" ಎಂದರು. ವಿಜ್ಞಾನ ಶಿಕ್ಷಕಿಯಾದ ನನಗೇ ಇದು ಆ ಎರಡು ಸಾಲಿನ ಪಾಠ ಎಂದು ಹೊಳೆಯಲು ನಾಲ್ಕು ತಿಂಗಳು ಬೇಕಾದವು.

ಆ ಎರಡು ಸಾಲಿನ ಹಿಂದೆ ಇರುವುದು ಇಷ್ಟು. ಸತತ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಯಿತು ಎನ್ನುತ್ತಾರೆ. ಭಾರತದ ಹೆಂಗಸರಲ್ಲಿ ಇದು ಸರಾಸರಿ 46-47ಕ್ಕೆ ಬರುತ್ತದೆ, ಪಶ್ಚಿಮದ ದೇಶಗಳಲ್ಲಿ 51ರ ಹೊತ್ತಿಗೆ. ಆದರೆ ಅದಕ್ಕೂ ಹಲವು ವರ್ಷ ಮೊದಲೇ ಅಂಡಾಶಯಗಳು ಏರುಪೇರಾಗಿ ಕೆಲಸ ಮಾಡತೊಡಗುತ್ತವೆ. ಈಸ್ಟ್ರೋಜೆನ್ ಒಮ್ಮೆ ಏರಿ ಒಮ್ಮೆ ಇಳಿದು ಕೊನೆಗೆ ತಳ ಹಿಡಿಯುತ್ತದೆ. ಆ ಹಾರ್ಮೋನು ಗರ್ಭಕ್ಕಷ್ಟೇ ಸಂಬಂಧಿಸಿದ್ದಲ್ಲ. ಮೈಯ ಶಾಖ ಕಾಯುವ ಮೆದುಳಿನ ಭಾಗಕ್ಕೆ, ನಿದ್ದೆಗೆ, ರಕ್ತನಾಳಗಳಿಗೆ, ಮೂತ್ರದ್ವಾರದ ಚರ್ಮಕ್ಕೆ, ಎಲುಬಿಗೆ ಅದು ಬೇಕು. ಅದು ಇಳಿದಾಗ ಝಳ, ಬೆವರು, ನಿದ್ದೆಗೇಡು, ಕೂಡುವಾಗ ನೋವು, ಮತ್ತೆ ಮತ್ತೆ ಬರುವ ಉರಿಮೂತ್ರ, ಕಾರಣವಿಲ್ಲದ ಅಳು. ಕಣ್ಣಿಗೆ ಕಾಣದ್ದು ಎಲುಬಿನ ಸವೆತ. ಮುಟ್ಟು ನಿಲ್ಲುವ ಹೊತ್ತಿನಿಂದ ಕೆಲವು ವರ್ಷ ಅದು ಅತಿ ಬೇಗ ನಡೆಯುತ್ತದೆ. ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಕೆಲವರಿಗೆ ಏನೂ ಆಗುವುದಿಲ್ಲ. ಆದರೆ ಆದವರಿಗೆ ಅದು ಭ್ರಮೆಯಲ್ಲ, ಸೊಕ್ಕಲ್ಲ, ಮನೆಗೆಲಸ ತಪ್ಪಿಸುವ ನೆಪವೂ ಅಲ್ಲ.

ಈಗ ನಮ್ಮ ವ್ಯವಸ್ಥೆಯ ದಾಖಲೆಗಳನ್ನು ನೋಡೋಣ. ಹುಡುಗಿಗೆ ಹತ್ತರಿಂದ ಹತ್ತೊಂಬತ್ತರವರೆಗೆ 'ಶುಚಿ' ಯೋಜನೆಯ ಪ್ಯಾಡ್. ಬಸುರಿಯಾದರೆ ತಾಯಿ ಕಾರ್ಡ್. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಅವಳ ತೂಕ, ರಕ್ತದ ಪ್ರಮಾಣ, ಹೆರಿಗೆಯ ತಾರೀಖು, ಆಮೇಲೆ ಸಂತಾನಹರಣದ ತಾರೀಖು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರ ಪ್ರಶ್ನಾವಳಿ ಹಿಡಿದು ಮಾತನಾಡಿಸುವುದು 15ರಿಂದ 49 ವರ್ಷದವರನ್ನು. ಐವತ್ತನೆಯ ಹುಟ್ಟುಹಬ್ಬದಂದು ಅವಳು ಆ ಪ್ರಶ್ನಾವಳಿಯಿಂದ ಹೊರಗೆ. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ, ಕ್ಯಾನ್ಸರ್ ತಪಾಸಣೆ ಬಂದಿದೆ, ಒಳ್ಳೆಯದೇ. ಆದರೆ ನಮ್ಮ ಮನೆಗೆ ಬಂದು ಬಿಪಿ ನೋಡಿದ ಹುಡುಗಿ ನನ್ನನ್ನಾಗಲಿ ಅತ್ತೆಯನ್ನಾಗಲಿ "ನಿಮಗ ಮುಟ್ಟು ಯಾವಾಗ ನಿಂತೈತಿ?" ಎಂದು ಕೇಳಲಿಲ್ಲ. ಅವಳ ಹಾಳೆಯಲ್ಲಿ ಆ ಕಾಲಮ್ಮೇ ಇರಲಿಲ್ಲ.

ಮಕ್ಕಳನ್ನು ಬಾದಾಮಿಗೆ ಪ್ರವಾಸ ಕರೆದೊಯ್ದಾಗ ಅಲ್ಲಿನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಲಜ್ಜಾಗೌರಿಯ ಮುಂದೆ ನಿಂತೆವು. ನಾಗನಾಥಕೊಳ್ಳದಿಂದ ತಂದಿಟ್ಟ ಚಾಲುಕ್ಯರ ಕಾಲದ ಶಿಲ್ಪ. ಹೆರಿಗೆಗೆ ಸಿದ್ಧವಾದಂತೆ ಅಗಲಿಸಿ ಮಡಚಿದ ಕಾಲುಗಳು, ತಲೆಯ ಜಾಗದಲ್ಲಿ ಅರಳಿದ ತಾವರೆ. ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಈಕಿಗೆ ಮುಖ ಯಾಕ ಇಲ್ರೀ?" ಫಲವಂತಿಕೆಯ ದೇವತೆ, ಅದಕ್ಕೇ ಹಾಗೆ ಎಂದು ಏನೋ ಹೇಳಿದೆ. ಆ ಶಿಲ್ಪಿಯ ಮೇಲೆ ನನಗೆ ಸಿಟ್ಟಿಲ್ಲ. ಮುಖದ ಜಾಗದಲ್ಲಿ ಅವನು ಕಡೇಪಕ್ಷ ಹೂವಿಟ್ಟ. ನಾವು ರಿಜಿಸ್ಟರ್ ನಂಬರ್ ಇಟ್ಟಿದ್ದೇವೆ.

ಲೆಕ್ಕದಿಂದ ಹೊರಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನನ್ನ ಚಿಗವ್ವನೇ ಸಾಕ್ಷಿ. ಅವಳು ಇಳಕಲ್ಲಿನವಳು. ಇಳಕಲ್ ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಕೂಡಿಸುವ ಕೊಂಡಿಯ ಕೆಲಸದಲ್ಲಿ ಅವಳ ಕೈ ಪಳಗಿದ್ದು. ಎಳೆ ಎಳೆಯಾಗಿ, ಬೆನ್ನು ಬಗ್ಗಿಸಿ, ತಾಸುಗಟ್ಟಲೆ ಕೂರುವ ಕೆಲಸ. ಮೂವತ್ತಮೂರನೆಯ ವಯಸ್ಸಿನಲ್ಲಿ ಬಿಳಿ ಸೆರಗು, ನಡುನೋವು ಎಂದು ಒಂದು ನರ್ಸಿಂಗ್ ಹೋಮಿಗೆ ಹೋದಳು. ಸ್ಕ್ಯಾನ್ ಮಾಡಿ, "ಗರ್ಭಚೀಲಕ್ಕ ಬಾವು ಬಂದೈತಿ, ಮುಂದ ಕ್ಯಾನ್ಸರ್ ಆಗ್ತೈತಿ. ಮಕ್ಕಳಂತೂ ಆಗ್ಯಾವಲ್ಲ, ತಗಸ್ರಿ" ಎಂದರಂತೆ. ಕಾಕಾ ಎರಡು ತೊಲೆ ಬಂಗಾರ ಒತ್ತೆ ಇಟ್ಟ. ಅವಳು ಅಂಜಿದ್ದೂ ನಿಜ, ತಿಂಗಳ ಕಾಟ ತಪ್ಪಿತಲ್ಲ ಎಂದು ಒಳಗೊಳಗೇ ಹಗುರಾದದ್ದೂ ನಿಜ. ಓಣಿಯಲ್ಲಿ ಇನ್ನೂ ಇಬ್ಬರು "ಚೀಲ ತಗಸಿದವರು" ಇದ್ದರು. ಸಂತೆಗೆ ಹೋಗಿ ಬಂದಷ್ಟೇ ಸಲೀಸಾಗಿ ಅದರ ಮಾತಾಡುತ್ತಿದ್ದರು.

ಆಪರೇಷನ್ ಆದ ಒಂದೆರಡು ವಾರಕ್ಕೇ ಮೈ ಉರಿ ಶುರುವಾಯಿತು. ಒದ್ದೆ ಸೀರೆ ಸುತ್ತಿಕೊಂಡು ಮಲಗುತ್ತಿದ್ದಳು. ಸಿಟ್ಟು, ಅಳು. "ದೆವ್ವ ಬಡದೈತಿ" ಎಂದು ಒಂದು ಅಮಾವಾಸ್ಯೆ ಎಲ್ಲಿಗೋ ಕರೆದೊಯ್ದರು. 49ಕ್ಕೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿಯಿತು. 54ಕ್ಕೆ ನೀರಿನ ಕೊಡ ಎತ್ತುವಾಗ ಬೆನ್ನುಮೂಳೆಯ ಮಣಿ ಕುಸಿಯಿತು. ಆಗ ನೋಡಿದ ಎಲುಬಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಮುಟ್ಟು ಎಷ್ಟನೇ ವಯಸ್ಸಿಗೆ ನಿಂತಿತು?" ಇಪ್ಪತ್ತೊಂದು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಟ್ರಂಕಿನಲ್ಲಿ ಹುಡುಕಿದಾಗ ಹಳೆಯ ಡಿಸ್ಚಾರ್ಜ್ ಕಾಗದ ಸಿಕ್ಕಿತು. ಇಂಗ್ಲಿಷಿನಲ್ಲಿ ಒಂದು ಸಾಲು: 'ಟಿಎಎಚ್ ವಿತ್ ಬಿಎಸ್‌ಓ'. ಗರ್ಭಕೋಶದ ಜೊತೆಗೆ ಎರಡೂ ಬದಿಯ ನಾಳಗಳು ಮತ್ತು ಎರಡೂ ಅಂಡಾಶಯಗಳನ್ನು ತೆಗೆಯಲಾಗಿದೆ ಎಂದರ್ಥ. ಹತ್ತು ಹದಿನೈದು ವರ್ಷ ಆಮೇಲೆ, ನಿಧಾನಕ್ಕೆ ಬರಬೇಕಾದ ಋತುಬಂಧವನ್ನು ಅವಳಿಗೆ ಒಂದೇ ಮಧ್ಯಾಹ್ನದಲ್ಲಿ ತಂದಿಟ್ಟಿದ್ದರು. ನಾನು ಓದಿ ಹೇಳಿದಾಗ ಚಿಗವ್ವ ಬಹಳ ಹೊತ್ತು ಸುಮ್ಮನೆ ಕೂತಳು. ಆಮೇಲೆ ಕೇಳಿದಳು: "ಚೀಲ ಅಷ್ಟ ಅಂದಿದ್ರಲ್ಲ. ಉಳದಿದ್ದು ಯಾಕ ತಗದ್ರು?" ನನ್ನಲ್ಲಿ ಉತ್ತರವಿರಲಿಲ್ಲ.

ಇದು ಒಂದು ಮನೆಯ ದುರದೃಷ್ಟ ಎಂದು ಯಾರೂ ಪಕ್ಕಕ್ಕಿಡಬಾರದು. 2015ರಲ್ಲಿ ಕಲಬುರಗಿಯಲ್ಲಿ ಎದ್ದ ಗದ್ದಲವನ್ನು ನೆನಪಿಸಿಕೊಳ್ಳಿ. ತಾಂಡಾಗಳ ಲಂಬಾಣಿ ಹೆಂಗಸರೂ ಬಡ ದಲಿತ ಹೆಂಗಸರೂ ಸೇರಿ 2,000ಕ್ಕೂ ಹೆಚ್ಚು ಜನರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ಆರೋಪ ಬಂತು. ಹಲವರಿಗೆ ನಲವತ್ತೂ ಆಗಿರಲಿಲ್ಲ. ಹೊಟ್ಟೆನೋವು, ಬಿಳಿ ಸೆರಗು, ಒಂದು ಸ್ಕ್ಯಾನ್, ಕ್ಯಾನ್ಸರಿನ ಹೆದರಿಕೆ: ಅದೇ ಕತೆ. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸುದ್ದಿ ಬಂತು. ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿ ಹೋಗುತ್ತದೆ, ದಂಡವೂ ಬೀಳುತ್ತದೆ. ಅದಕ್ಕೆ ಚೀಲವನ್ನೇ ತೆಗೆಸಿಕೊಂಡು ಗದ್ದೆಗೆ ಇಳಿದವರು ಅವರು. ನಮ್ಮ ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಕಟಾವಿಗೂ ಮಹಾರಾಷ್ಟ್ರದಿಂದ ಗ್ಯಾಂಗುಗಳು ಬರುತ್ತವೆ. ನಮ್ಮ ಚಹಾದ ಸಕ್ಕರೆಯಲ್ಲಿ ಆ ಹೆಂಗಸರ ಪಾಲಿದೆ.

2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ ಮೂವರಿಗೂ ಹೆಚ್ಚು ಜನರಿಗೆ ಈ ಶಸ್ತ್ರಚಿಕಿತ್ಸೆ ಆಗಿದೆ. ಬಹುಪಾಲು ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕು ಎಂದಿತು. ಕಾಗದದ ಮೇಲೆ ನ್ಯಾಯ ಬಂದಿದೆ. ಆದರೆ ಅಂಡಾಶಯ ಎಂದರೇನು, ಅದನ್ನು ತೆಗೆದರೆ ಏನಾಗುತ್ತದೆ ಎಂದು ಗೊತ್ತಿಲ್ಲದ ಹೆಂಗಸು ಯಾವ ಮಾರ್ಗಸೂಚಿಯನ್ನು ಕೇಳಿಯಾಳು?

ಋತುಬಂಧದ ಮೌನಕ್ಕೂ ಈ ಕತ್ತರಿಗೂ ಸಂಬಂಧ ಇರುವುದು ಇಲ್ಲೇ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಸ್ರಾವ ಏರುಪೇರಾಗುವುದು ಸಾಮಾನ್ಯ. ಅತಿಯಾದರೆ ತಪಾಸಣೆ ಬೇಕು, ರಕ್ತಹೀನತೆಗೆ ಮದ್ದು ಬೇಕು. ಸ್ರಾವ ತಗ್ಗಿಸುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನವಿದೆ. ಎಷ್ಟೋ ಗಡ್ಡೆಗಳು ಮುಟ್ಟು ನಿಂತ ಮೇಲೆ ತಾವೇ ಕುಗ್ಗುತ್ತವೆ. ಶಸ್ತ್ರಚಿಕಿತ್ಸೆ ಬೇಕೇ ಬೇಕಾದ ಸಂದರ್ಭಗಳೂ ಇವೆ. ಆಗಲೂ ಅಂಡಾಶಯ ಉಳಿಸಬಹುದೇ ಎಂದು ಕೇಳುವ ಹಕ್ಕು ಅವಳದ್ದು. ಇನ್ನೊಂದು ತುದಿಯಲ್ಲಿ, ಮುಟ್ಟು ನಿಂತು ವರ್ಷ ದಾಟಿದ ಮೇಲೆ ಒಂದು ಹನಿ ರಕ್ತ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಅದು ಗರ್ಭಕೋಶದ ಕ್ಯಾನ್ಸರಿನ ಸುಳಿವಾಗಿರಬಹುದು. ನಮ್ಮಲ್ಲಿ ನಡೆಯುವುದು ಇದರ ತಿರುಗುಮುರುಗು. 35ರ ಹೆಂಗಸನ್ನು ಕ್ಯಾನ್ಸರ್ ಎಂದು ಹೆದರಿಸುತ್ತೇವೆ. ಅರವತ್ತರಲ್ಲಿ ರಕ್ತ ಕಂಡವಳಿಗೆ "ಉಷ್ಣ ಆಗೈತಿ, ಸಬ್ಬಕ್ಕಿ ಗಂಜಿ ಕುಡಿ" ಎನ್ನುತ್ತೇವೆ.

"ನಮ್ಮ ಅಜ್ಜಿಯರಿಗೆ ಇದೆಲ್ಲ ಇತ್ತೇನು? ಇದು ಪಶ್ಚಿಮದ ಕಾಯಿಲೆ, ಔಷಧಿ ಕಂಪನಿಗಳ ಹುನ್ನಾರ" ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಬಿಟ್ಟುಕೊಡುತ್ತೇನೆ. 1966ರಲ್ಲಿ ಅಮೆರಿಕದ ರಾಬರ್ಟ್ ವಿಲ್ಸನ್ ಎಂಬ ಡಾಕ್ಟರು ಪುಸ್ತಕ ಬರೆದು, ಮುಟ್ಟು ನಿಂತವಳು ಹೆಣ್ತನ ಕಳಕೊಂಡ ರೋಗಿ, ಹಾರ್ಮೋನು ತಿಂದರೆ ಸದಾ ಹೆಣ್ಣಾಗಿರುತ್ತಾಳೆ ಎಂದು ಸಾರಿದ. ಮಾತ್ರೆಗಳು ರಾಶಿ ರಾಶಿ ಮಾರಾಟವಾದವು. 2002ರಲ್ಲಿ ಅಲ್ಲಿಯದೇ ದೊಡ್ಡ ಅಧ್ಯಯನವೊಂದರ ಭಾಗವನ್ನು ನಡುವೆಯೇ ನಿಲ್ಲಿಸಿದರು. ಎರಡು ಹಾರ್ಮೋನು ಸೇರಿದ ಮಾತ್ರೆಯಿಂದ ಸ್ತನ ಕ್ಯಾನ್ಸರ್, ಪಾರ್ಶ್ವವಾಯುವಿನ ಅಪಾಯ ಹೆಚ್ಚಿದ್ದು ಕಂಡಿತ್ತು. ಜಗತ್ತೆಲ್ಲ ಹೆದರಿ ಮಾತ್ರೆ ಬಿಟ್ಟಿತು. ಆ ಅಧ್ಯಯನದ ಹೆಂಗಸರ ಸರಾಸರಿ ವಯಸ್ಸು 63 ಎಂಬುದು, ಅರವತ್ತರೊಳಗಿನ ಆರೋಗ್ಯವಂತೆಗೆ ಲೆಕ್ಕ ಬೇರೆ ಎಂಬುದು ನಿಧಾನವಾಗಿ ತಿಳಿಯಿತು. ಹಾಗಾಗಿ ಹಾರ್ಮೋನು ಅಮೃತವೂ ಅಲ್ಲ, ವಿಷವೂ ಅಲ್ಲ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಮೂವತ್ತಮೂರಕ್ಕೇ ಅಂಡಾಶಯ ಕಳೆದುಕೊಂಡ ನನ್ನ ಚಿಗವ್ವನಂಥವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗಾದರೂ ಅದನ್ನು ಕೊಡಬೇಕಿತ್ತು. ಯಾರೂ ಹೇಳಲಿಲ್ಲ.

ಇನ್ನು ಅಜ್ಜಿಯರ ಮಾತು. ನನ್ನ ಅಜ್ಜಿಗೂ ಝಳ ಬಂದಿರಬೇಕು. ಬೇಸಿಗೆಯಲ್ಲದ ಕಾಲದಲ್ಲೂ ಅವಳು ಅಂಗಳದ ಕಲ್ಲಿನ ಮೇಲೆ ಬರಿಮೈಯಲ್ಲಿ ಮಲಗುತ್ತಿದ್ದದ್ದು ನನಗೆ ನೆನಪಿದೆ. ಅವಳು ಹೇಳಲಿಲ್ಲ ಎಂದ ಮಾತ್ರಕ್ಕೆ ಅವಳಿಗೆ ಇರಲಿಲ್ಲ ಎಂದಾಗುವುದಿಲ್ಲ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಸಂಶೋಧಕರು 2005ರಷ್ಟು ಹಿಂದೆಯೇ ಇದನ್ನು ಭಾರತದಲ್ಲಿ ತಲೆಯೆತ್ತುತ್ತಿರುವ ಸಮಸ್ಯೆ ಎಂದು ಬರೆದಿದ್ದರು. ಇಪ್ಪತ್ತು ವರ್ಷ ಕಳೆದಿವೆ.

ಈ ಪತ್ರಿಕೆ ಓದುವವರು ಸಾಹಿತ್ಯದವರು, ವಿದ್ಯಾರ್ಥಿಗಳು. ನಿಮ್ಮ ಮೇಲೂ ನನ್ನದೊಂದು ದೂರಿದೆ. ಹೆರಿಗೆಯ ನಂತರ ಹೆಣ್ಣಿನ ಮನಸ್ಸು ಮುರಿಯುವುದನ್ನು ತ್ರಿವೇಣಿ 'ಶರಪಂಜರ'ದಲ್ಲಿ ಬರೆದು ಅರುವತ್ತು ವರ್ಷವಾಯಿತು. ಡಾಕ್ಟರೂ ಆಗಿದ್ದ ಅನುಪಮಾ ನಿರಂಜನ 'ತಾಯಿ-ಮಗು', 'ದಾಂಪತ್ಯ ದೀಪಿಕೆ' ಬರೆದು ಮೈಯ ಸಂಗತಿಗಳನ್ನು ತಿಳಿಗನ್ನಡದಲ್ಲಿ ಮನೆಮನೆಗೆ ತಲುಪಿಸಿದರು. ಆ ದಾರಿ ಮುಂದುವರಿಯಬೇಕಿತ್ತು. ನಾನು ಓದಿದ ಕತೆಗಳಲ್ಲಿ ಹೆಣ್ಣು ಒಂದೋ ಪ್ರೇಮಿಸುತ್ತಾಳೆ, ಹೆರುತ್ತಾಳೆ, ಇಲ್ಲವೇ ಅಜ್ಜಿಯಾಗಿ ಕಟ್ಟೆಯ ಮೇಲೆ ಕೂತು ಕತೆ ಹೇಳುತ್ತಾಳೆ. ನಡುವಿನ ಹತ್ತು ವರ್ಷ ಅವಳೆಲ್ಲಿ ಹೋಗಿದ್ದಳು? ರಾತ್ರಿ ಎರಡಕ್ಕೆ ಬೆವರಿ ಎದ್ದು ಕೂತವಳು ಏನು ಯೋಚಿಸುತ್ತಾಳೆ? ಗಂಡ ಮುಟ್ಟಿದರೆ ನೋವಾಗುತ್ತದೆ ಎಂದು ಹೇಳಲಾಗದೆ ಮಗಳ ಕೋಣೆಯಲ್ಲಿ ಮಲಗುವವಳ ಮಾತೇನು? ಮಾತಿಲ್ಲದ ನೋವನ್ನು ಡಾಕ್ಟರ ಮುಂದೆ ಹೇಳುವುದು ಹೇಗೆ? "ಝಳ ಬರತೈತಿ" ಎನ್ನುವ ನಮ್ಮ ಸೀಮೆಯ ಮಾತಿಗೆ ಪುಸ್ತಕದಲ್ಲಿ ಜಾಗ ಕೊಡುವ ಕೆಲಸ ಬರೆಯುವವರದ್ದು.

ವ್ಯವಸ್ಥೆಯಿಂದ ನಾನು ಕೇಳುವುದು ಆಕಾಶವನ್ನಲ್ಲ. ಬಿಪಿ ನೋಡುವ ಹಾಳೆಯಲ್ಲಿ ಇನ್ನು ಮೂರು ಪ್ರಶ್ನೆ ಸೇರಲಿ: ಮುಟ್ಟು ಯಾವಾಗ ನಿಂತಿತು, ತಾನೇ ನಿಂತಿತೋ ಆಪರೇಷನ್ನಿಂದಲೋ, ನಿಂತ ಮೇಲೆ ರಕ್ತ ಕಂಡಿದೆಯೋ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಂದು ದಿನ ನಲವತ್ತು ದಾಟಿದ ಹೆಂಗಸರಿಗೆಂದೇ ಇರಲಿ. ಗರ್ಭಕೋಶ ತೆಗೆಯುವ ಮುನ್ನ ಏನೇನು ತೆಗೆಯುತ್ತಾರೆ, ಅದರಿಂದ ಏನಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದುಕೊಡುವುದು ಕಡ್ಡಾಯವಾಗಲಿ. ಹೆಂಗಸರಿಗೆ ತಿಂಗಳಿಗೊಂದು ಮುಟ್ಟಿನ ರಜೆ ಕೊಡಲು 2025ರಲ್ಲಿ ರಾಜ್ಯ ಸಂಪುಟ ಒಪ್ಪಿದಾಗ ನಾನೂ ಖುಷಿಪಟ್ಟವಳೇ. ಆದರೆ ಮನೆಯಲ್ಲೇ ಕೂತು ಕೊಂಡಿ ಹಾಕುವವಳಿಗೆ ಮುಟ್ಟಿದ್ದಾಗಲೂ ರಜೆಯಿಲ್ಲ, ನಿಂತ ಮೇಲೂ ಇಲ್ಲ. ಅವಳಿಗೆ ಕಡೇಪಕ್ಷ ಒಂದು ಪ್ರಶ್ನೆ ಕೇಳುವವರು ಸಿಗಲಿ.

ನನ್ನ ಕೈಲಾದದ್ದನ್ನು ನಾನು ಮಾಡಿದ್ದೇನೆ. ಈ ವರ್ಷ ಆ ಎರಡು ಸಾಲಿಗೆ ಇಡೀ ಒಂದು ಪಿರಿಯಡ್ ಕೊಟ್ಟೆ. ಹುಡುಗರನ್ನು ಹೊರಗೆ ಕಳಿಸಲಿಲ್ಲ, ಅವರ ಮನೆಯಲ್ಲೂ ಅವ್ವ ಇದ್ದಾಳೆ. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಬಾಗಿಲ ಹತ್ತಿರ ಕಾದು ನಿಂತಿದ್ದ. "ಟೀಚರ್, ನಮ್ಮವ್ವ ರಾತ್ರಿ ಹೊರಗ ಹೋಗಿ ಕುಂದರ್ತಾಳ್ರಿ. ಅಪ್ಪ ಬೈತಾನ. ಮುಂದಿನ ವಾರ ಆಕಿಗೆ ಚೀಲ ತಗಸಾಕ ಡೇಟ್ ಕೊಟ್ಟಾರ" ಎಂದ.

ಎಷ್ಟು ವಯಸ್ಸು ಎಂದು ಕೇಳಿದೆ. ಮೂವತ್ತೆಂಟು ಎಂದ. ಅಂದು ಸಂಜೆಯೇ ಅವರ ಮನೆಗೆ ಹೋದೆ. ಡೇಟ್ ಮುಂದಕ್ಕೆ ಹೋಗಿದೆ. ಬಾಗಲಕೋಟೆಯಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಲು ಬರುವ ಸೋಮವಾರ ನಾವಿಬ್ಬರೂ ಹೊರಟಿದ್ದೇವೆ. ಚಿಗವ್ವ ತಾನೂ ಬರುತ್ತೇನೆ ಎಂದು ಹಟ ಹಿಡಿದಿದ್ದಾಳೆ, ತನ್ನ ಹಳೆಯ ಡಿಸ್ಚಾರ್ಜ್ ಕಾಗದ ಹಿಡಿದುಕೊಂಡು.